ಅದೇ ನಾಲ್ಕೈದು ಮಕ್ಕಳು ಮಾತಾಡುತ್ತಾರೆ, ಉಳಿದವರು ಬಾಯಿ ಬಿಡುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, 52 ಮಕ್ಕಳು. ಜೂನ್‌ನಿಂದ ಪ್ರತಿ ಶನಿವಾರ ಒಂದು ಪಿರಿಯಡ್ಡನ್ನು ಓದು ಮತ್ತು ಚರ್ಚೆಗೆ ಅಂತ ಇಟ್ಟಿದ್ದೇನೆ. ಒಂದು ಸಣ್ಣ ಕಥೆ ಕೊಟ್ಟು, ಸರದಿ ಪ್ರಕಾರ ಓದಿಸಿ, ಪ್ರಶ್ನೆ ಕೇಳುತ್ತೇನೆ. ಮುಂದಿನ ಬೆಂಚಿನ ಅದೇ ನಾಲ್ಕೈದು ಮಕ್ಕಳು ಉತ್ತರ ಕೊಡುತ್ತಾರೆ, ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಹತ್ತು ಹನ್ನೆರಡು ಮಕ್ಕಳಿಗೆ ಇಂಗ್ಲಿಷ್ ಓದಲಿಕ್ಕೇ ಬರುವುದಿಲ್ಲ. ಕನ್ನಡದಲ್ಲಿ ಮಾತಾಡಲು ಬಿಡಬಹುದಾ? ಹೆಡ್‌ಮಾಸ್ಟರು ಬೇರೆ ಮೊದಲು ಸಿಲಬಸ್ ಮುಗಿಸಿ ಅನ್ನುತ್ತಾರೆ. ಇದನ್ನು ಮುಂದುವರಿಸಲೋ, ನಿಲ್ಲಿಸಲೋ?

ಉತ್ತರ: ಮೇಡಂ, ನಿಲ್ಲಿಸಬೇಡಿ. ಹಾಗಂತ ಈಗ ಮಾಡುತ್ತಿರುವ ಹಾಗೇ ಮುಂದುವರಿಸಲೂ ಬೇಡಿ.

ನಿಮ್ಮ ಶನಿವಾರದ ಪಿರಿಯಡ್ಡನ್ನು ಒಮ್ಮೆ ಹಿಂದಿನ ಬೆಂಚಿನ ಹುಡುಗಿಯ ಜಾಗದಲ್ಲಿ ಕೂತು ನೋಡಿ. ಬೆಲ್ ಆದ ಮೇಲೆ ಕಥೆ ಕೈಗೆ ಬರುತ್ತದೆ. ಕಾಲು ಗಂಟೆಯಲ್ಲಿ ಪ್ರಶ್ನೆ ಬರುತ್ತದೆ. ಅಷ್ಟರಲ್ಲಿ ಅವಳು ಅಕ್ಷರ ಕೂಡಿಸಿ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ತನಗೇನು ಅನಿಸಿತು ಅಂತ ಯೋಚಿಸಬೇಕು, ಅದಕ್ಕೆ ಇಂಗ್ಲಿಷ್ ಪದ ಹುಡುಕಿ ವಾಕ್ಯ ಕಟ್ಟಬೇಕು, ಆಮೇಲೆ 51 ಜನರ ಎದುರು ಎದ್ದು ನಿಂತು ಹೇಳಬೇಕು. ಇಷ್ಟನ್ನೂ ಒಟ್ಟಿಗೆ ಮಾಡಬಲ್ಲವರು ಯಾರು? ಟ್ಯೂಷನ್‌ಗೆ ಹೋಗುವವರು, ಮನೆಯಲ್ಲಿ ಅಕ್ಕನೋ ಅಣ್ಣನೋ ಹೇಳಿಕೊಡುವವರು, ಇಲ್ಲಾ ಹುಟ್ಟು ಮಾತುಗಾರರು. ಲೆಕ್ಕ ಹಾಕಿದರೆ ನಾಲ್ಕೈದು ಜನವೇ ಆಗುತ್ತಾರೆ. ನಾವು ತರಬೇತಿಗೆ ಹೋದಾಗ ರಿಸೋರ್ಸ್ ಪರ್ಸನ್ 'ಎನಿ ಕ್ವೆಶ್ಚನ್ಸ್?' ಅಂತ ಕೇಳಿದ ತಕ್ಷಣ ಎಲ್ಲರೂ ಬ್ಯಾಗಿನಲ್ಲಿ ಏನೋ ಹುಡುಕಲು ಶುರು ಮಾಡುತ್ತೇವೆ ಅಲ್ವಾ? ಅದೇ ಕಥೆ.

ಬಾಯಿ ಬಿಡದ ಮಕ್ಕಳಿಗೆ ಧೈರ್ಯ ಇಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಅದಕ್ಕೇ 'ಹೆದರಬೇಡಿ, ತಪ್ಪಾದರೂ ಪರವಾಗಿಲ್ಲ, ಮಾತಾಡಿ' ಅಂತ ಭಾಷಣ ಮಾಡುತ್ತೇವೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೆ ನನಗೆ ಅನಿಸಿರುವುದು ಇಷ್ಟು: ಅವರ ಕೈಯಲ್ಲಿ ಮೊದಲೇ ತಯಾರಾದ ಒಂದು ವಾಕ್ಯ ಇದ್ದರೆ ಸಾಕು, ಧೈರ್ಯ ತಾನಾಗಿ ಬರುತ್ತದೆ. ಶನಿವಾರದ ಚರ್ಚೆಯ ಕೆಲಸ ಸೋಮವಾರವೇ ಶುರುವಾಗಬೇಕು. ಕೆಳಗೆ ಬರೆದಿರುವುದೆಲ್ಲ ಇದೊಂದೇ ಮಾತಿನ ವಿವರ.

ಮೊದಲು ನೀವು ಬಿಡಬೇಕಾದ ಒಂದು ಅಭ್ಯಾಸ ಹೇಳಿಬಿಡುತ್ತೇನೆ. ಸರದಿ ಪ್ರಕಾರ ಎದ್ದು ಓದಿಸುವುದು. ನಾನೂ ಹತ್ತು ವರ್ಷ ಅದನ್ನೇ ಮಾಡಿದವನು. ಒಮ್ಮೆ ಒಬ್ಬ ಹುಡುಗಿ 'ವಾಕ್ಡ್' ಅನ್ನುವುದನ್ನು 'ವಾಲ್ಕೆಡ್' ಅಂತ ಓದಿದಳು. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ ನಿಜ, ಆದರೆ ಮೂರು ಸಲ ಸರಿಯಾಗಿ ಹೇಳಿಸಿದೆ. ಅದು ನಗುವುದಕ್ಕಿಂತ ಕೆಟ್ಟದ್ದು. ಅವಳು ಮೂರು ದಿನ ಶಾಲೆಗೆ ಬರಲಿಲ್ಲ, ಬಂದ ಮೇಲೂ ಆ ವರ್ಷ ಪೂರ್ತಿ ನನ್ನ ಪಿರಿಯಡ್‌ನಲ್ಲಿ ತಲೆ ಎತ್ತಲಿಲ್ಲ. ಆಮೇಲೆ ಯೋಚಿಸಿದರೆ ಅವಳು ಓದಿದ್ದರಲ್ಲಿ ಒಂದು ನ್ಯಾಯ ಇತ್ತು. ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಒಂದು ಉಚ್ಚಾರ ಇದೆ. ಬರೆದ ಮೇಲೆ ಓದಬೇಕು. ಏಳೆಂಟು ವರ್ಷ ಆ ಪದ್ಧತಿಯಲ್ಲಿ ಪಳಗಿದ ಮಗು ಎಲ್ ಕಂಡರೆ ಎಲ್ ಓದುತ್ತದೆ. ಸುಮ್ನೆ ಕೂತಿರುವ ಅಕ್ಷರ ಅಂತ ಒಂದು ಇರುತ್ತದೆ ಅನ್ನುವುದೇ ಅವಳಿಗೆ ಹೊಸದು. ಇದನ್ನು ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿದರೆ ನಗುವುದು ಅರ್ಧ ನಿಲ್ಲುತ್ತದೆ. ಇನ್ನೊಂದು ವಿಷಯ, ಒಬ್ಬರು ಓದುವಾಗ ಉಳಿದ 51 ಜನ ಕೇಳಿಸಿಕೊಳ್ಳುತ್ತಾರೆ ಅನ್ನುವುದು ನಮ್ಮ ಭ್ರಮೆ. ತನ್ನ ಪ್ಯಾರಾ ಯಾವುದು ಅಂತ ಎಣಿಸಿಕೊಂಡು, ಅದನ್ನು ಒಳಗೊಳಗೇ ಬಾಯಿಪಾಠ ಮಾಡುತ್ತಿರುತ್ತಾರೆ.

ಹಾಗಾದರೆ ವಾರ ಹೇಗಿರಬೇಕು? ವಾರಕ್ಕೆ ನಿಮಗೆ ಐದಾರು ಪಿರಿಯಡ್ ಸಿಗುತ್ತದೆ. ಸೋಮವಾರ ಪಿರಿಯಡ್ಡಿನ ಮೊದಲ ಹತ್ತು ನಿಮಿಷ ಆ ವಾರದ ಪುಟವನ್ನು ನೀವೇ ಗಟ್ಟಿಯಾಗಿ ಓದಿ. ಮಕ್ಕಳು ಹಾಳೆಯ ಮೇಲೆ ಬೆರಳಿಟ್ಟು ನಿಮ್ಮ ಜೊತೆ ಬರಲಿ. ಪ್ರಶ್ನೆ ಬೇಡ, ಅರ್ಥ ಕೇಳುವುದು ಬೇಡ. ಓದಿ, ಮುಚ್ಚಿ, ಮಾಮೂಲಿ ಪಾಠಕ್ಕೆ ಹೋಗಿ. ಬುಧವಾರ ಮತ್ತೆ ಹತ್ತು ನಿಮಿಷ, ಈ ಸಲ ಜೋಡಿ ಜೋಡಿಯಾಗಿ ಮೆಲ್ಲಗೆ ಓದಿಕೊಳ್ಳುತ್ತಾರೆ, ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತಾರೆ, ನೀವು ಓಡಾಡಿಕೊಂಡು ಹೇಳಿಕೊಡುತ್ತೀರಿ. ಶುಕ್ರವಾರ ಶನಿವಾರದ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದುಬಿಡಿ. ಒಂದೇ ಪ್ರಶ್ನೆ. ಮನೆಯಲ್ಲಿ ಅದಕ್ಕೆ ಎರಡು ಸಾಲು ಬರೆದುಕೊಂಡು ಬರಲಿ, ಕನ್ನಡದಲ್ಲಾದರೂ ಸರಿ, ಎರಡೂ ಬೆರೆತಿದ್ದರೂ ಸರಿ. ಶನಿವಾರ ಬೆಳಗ್ಗೆ ಬೆಲ್ ಆಗುವ ಹೊತ್ತಿಗೆ ಆ ಪುಟ ಮಗುವಿಗೆ ಹಳೆಯ ಪರಿಚಯ.

52 ಜೆರಾಕ್ಸ್‌ಗೆ ದುಡ್ಡೆಲ್ಲಿ ಅಂತೀರಾ? ಜೋಡಿಗೆ ಒಂದು ಅಂದರೆ 26 ಸಾಕು. ಒಂದೇ ಹಾಳೆಯಾದರೆ ಇಬ್ಬರೂ ತಲೆ ಹತ್ತಿರ ತಂದು ಓದಬೇಕಾಗುತ್ತದೆ, ಅದೂ ಒಳ್ಳೆಯದೇ.

ಯಾವ ಪುಟ ಕೊಡಬೇಕು ಅನ್ನುವುದರ ಮೇಲೆ ಮುಕ್ಕಾಲು ಪಾಲು ನಿಂತಿದೆ. ನಾವು ಮಾಡುವ ಸಾಮಾನ್ಯ ತಪ್ಪು ಅಂದರೆ ತರಗತಿಯ ಲೆಕ್ಕ ಹಿಡಿದು ಓದಿಗೆ ಕೊಡುವುದು. ಒಂಬತ್ತನೇ ತರಗತಿ, ಹಾಗಾಗಿ ಒಂಬತ್ತನೇ ತರಗತಿಯ ಇಂಗ್ಲಿಷ್. ಓದಿನ ಮಟ್ಟ ಅಷ್ಟಿಲ್ಲದಿದ್ದರೆ? ಹು ಮತ್ತು ನೇಷನ್ ಅನ್ನುವ ಇಬ್ಬರು 2000ದಲ್ಲಿ ಒಂದು ಅಧ್ಯಯನ ಮಾಡಿದರು. ಬೇರೆಯವರ ಸಹಾಯ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ 100 ಪದಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಅವರ ಲೆಕ್ಕ. 80 ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಅಂದರೆ 250 ಪದದ ಪುಟದಲ್ಲಿ ಗೊತ್ತಿಲ್ಲದ ಪದ ಐದು ಮೀರಬಾರದು. ನೀವು ಜೊತೆಗಿದ್ದು ಹೇಳಿಕೊಡುವುದರಿಂದ ಹತ್ತು ಹನ್ನೆರಡರ ತನಕ ಎಳೆಯಬಹುದು. ಅದಕ್ಕಿಂತ ಜಾಸ್ತಿ ಆದರೆ ಅದು ಓದುವುದಲ್ಲ, ಪದಬಂಧ ಬಿಡಿಸುವುದು. ನಿಮ್ಮ ಮಧ್ಯಮ ಮಟ್ಟದ ಒಬ್ಬ ಹುಡುಗನಿಗೆ ಮೊದಲೇ ಪುಟ ಕೊಟ್ಟು ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಹಾಕು ಅನ್ನಿ, ಎರಡು ನಿಮಿಷದಲ್ಲಿ ಪುಟದ ಹಣೆಬರಹ ಗೊತ್ತಾಗುತ್ತದೆ.

ಇಂಥ ಪುಟ ಎಲ್ಲಿ ಸಿಗುತ್ತದೆ ಅಂದರೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ, 2015ರಿಂದ ಉಚಿತ. ಅಲ್ಲಿ ಕಥೆಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ, ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ, ಪ್ರಿಂಟ್ ತೆಗೆದು ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಚಿತ್ರ ದೊಡ್ಡದಾಗಿ ಎರಡೇ ಸಾಲು ಇರುವ ಕಥೆ ಕೊಟ್ಟರೆ ಒಂಬತ್ತನೇ ಕ್ಲಾಸಿನ ಹುಡುಗರು 'ಸಣ್ಣ ಮಕ್ಕಳದ್ದು' ಅಂತ ಮೂಗು ಮುರಿಯುತ್ತಾರೆ. ಮೂರು, ನಾಲ್ಕನೇ ಹಂತದ್ದು ನೋಡಿ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ, ಅಂದರೆ ಊರ ಲೈಬ್ರರಿಯನ್ನೂ, ಮರೆಯಬೇಡಿ. 2020ರಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕನ್ನಡ ಪುಸ್ತಕವೇ ಜಾಸ್ತಿ ಇರಬಹುದು, ಇರಲಿ, ಕನ್ನಡದಲ್ಲಿ ಓದುವ ಚಟ ಇರುವ ಮಗು ಇಂಗ್ಲಿಷಿಗೂ ಬೇಗ ಬರುತ್ತದೆ.

ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದ ಪುಟಗಳು ನಾನೇ ಬರೆದವು. ಸಾಹಿತ್ಯ ಏನಲ್ಲ, 150 ಪದ. ಒಂದು ಸಲ ಹೀಗೆ ಬರೆದಿದ್ದೆ: ಒಬ್ಬಾಕೆ ಕಣದಲ್ಲಿ ಶೇಂಗಾ ಒಣಹಾಕಿದ್ದಾಳೆ. ಪಕ್ಕದ ಮನೆಯ ಹುಡುಗಿಯ ಕೋಳಿ ಬಂದು ಮೇಯುತ್ತದೆ. ಆಕೆ ಕೋಳಿ ಹಿಡಿದು ತನ್ನ ಮನೆಯಲ್ಲಿ ಕಟ್ಟಿಹಾಕಿಕೊಳ್ಳುತ್ತಾಳೆ, ಶೇಂಗಾ ದುಡ್ಡು ಕೊಟ್ಟು ಬಿಡಿಸಿಕೋ ಅನ್ನುತ್ತಾಳೆ. ಎರಡು ದಿನ ಬಿಟ್ಟು ಹುಡುಗಿ ದುಡ್ಡು ತರುವ ಹೊತ್ತಿಗೆ ಕೋಳಿ ಅಲ್ಲಿ ಎರಡು ಮೊಟ್ಟೆ ಇಟ್ಟಿದೆ. ಪ್ರಶ್ನೆ ಒಂದೇ: ಮೊಟ್ಟೆ ಯಾರದ್ದು? ಆ ಶನಿವಾರ ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಂದು ಇಣುಕಿ ನೋಡಿ ಹೋದರು, ಗಲಾಟೆ ಏನು ಅಂತ. ಎರಡು ದಿನ ಕೋಳಿಗೆ ಕಾಳು ಹಾಕಿದ್ದು ಯಾರು ಅಂತ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ. ಜೂನ್‌ನಿಂದ ಒಂದು ಮಾತಾಡಿರದ ಹುಡುಗ. 'ಹೂ ಗಿವ್ ಫುಡ್, ಹಿಸ್ ಎಗ್' ಅಂದ. ವ್ಯಾಕರಣ ಇಲ್ಲ, ಆದರೆ ವಾದ ಇದೆ. ಇಡೀ ಕ್ಲಾಸು ಅವನ ಕಡೆ ತಿರುಗಿತು.

ಪ್ರಶ್ನೆ ಹೀಗಿರಬೇಕು. 'ವಾಟ್ ವಾಸ್ ದ ನೇಮ್ ಆಫ್ ದ ಗರ್ಲ್?' ಅಂದರೆ ಒಂದೇ ಉತ್ತರ, ಗೊತ್ತಿದ್ದವರು ಹೇಳಿದರು, ಮುಗಿಯಿತು. ಎರಡು ಕಡೆ ನಿಂತು ವಾದ ಮಾಡಬಹುದಾದ ಪ್ರಶ್ನೆ ಬೇಕು, ಮತ್ತು 'ಯಾವ ಸಾಲು ಓದಿ ಹಾಗೆ ಹೇಳುತ್ತೀಯಾ, ತೋರಿಸು' ಅಂತ ಪುಟಕ್ಕೆ ಎಳೆದು ತರಲು ಬರಬೇಕು. ಇಲ್ಲದಿದ್ದರೆ ಓದದೇ ಬಂದವರೂ ಹರಟೆ ಹೊಡೆಯುತ್ತಾರೆ.

ನಿಮ್ಮದು ಹಾವೇರಿ ಜಿಲ್ಲೆ. ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಒಂದು ಪುಟ ಬರೆಯಿರಿ ನೋಡೋಣ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಕಾನೂನಿನ ಗುರುತು, ಬಂತು. ಬಣ್ಣ ಕಡುಗೆಂಪು, ಖಾರ ಕಡಿಮೆ, ಅದರಿಂದ ತೆಗೆಯುವ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅದರಲ್ಲೇ ಡಬ್ಬಿ ಅನ್ನುವ ಬಗೆ ಬೇರೆ, ಕಡ್ಡಿ ಅನ್ನುವ ಬಗೆ ಬೇರೆ. ಇಷ್ಟು ನಿಮಗೆ ಗೊತ್ತು. ಇದಕ್ಕಿಂತ ಹತ್ತು ಪಟ್ಟು ನಿಮ್ಮ ಕ್ಲಾಸಿನಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುವ ಮಕ್ಕಳಿಗೆ ಗೊತ್ತಿರುತ್ತದೆ. ಅವರೇ ಸಾಮಾನ್ಯವಾಗಿ ಹಿಂದಿನ ಬೆಂಚಿನವರು. ಅವತ್ತು ಕ್ಲಾಸಿನ ತಜ್ಞರು ಅವರು, ಮುಂದಿನ ಬೆಂಚಿನವರು ಕೇಳುವವರು. ಎಲ್ಲರನ್ನೂ ಒಳಗೊಳ್ಳುವುದು ಅಂತ ಸುತ್ತೋಲೆಯಲ್ಲಿ ಬರೆದಿರುತ್ತಾರಲ್ಲ, ಅದು ಬಹುಪಾಲು ವಿಷಯದ ಆಯ್ಕೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. 'ಮೈ ಸಮ್ಮರ್ ವೆಕೇಶನ್' ಅಂತ ಕೊಟ್ಟು ನೋಡಿ. ರಜೆಯಲ್ಲಿ ಮೈಸೂರು ನೋಡಿ ಬಂದವನು ಎದ್ದು ಹೇಳುತ್ತಾನೆ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದವಳು ಏನು ಹೇಳಬೇಕು? ಹೇಳಿದರೆ ಚೆನ್ನಾಗಿಯೇ ಹೇಳಿಯಾಳು. ಆದರೆ ಅದನ್ನು ಎಲ್ಲರ ಮುಂದೆ ಹೇಳುವ ಮನಸ್ಸಿದೆಯೋ ಇಲ್ಲವೋ ಅಂತ ನಾವು ಕೇಳಿಯೇ ಇರುವುದಿಲ್ಲ. ಸ್ವಂತ ಮನೆಯ ವಿಷಯ ಬಲವಂತವಾಗಿ ಹೊರಗೆ ತರುವ ಪ್ರಶ್ನೆ ಬೇಡ. ಕಥೆಯ ಕೋಳಿಯ ಬಗ್ಗೆ ಮಾತಾಡಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಈಗ ಶನಿವಾರದ 40 ನಿಮಿಷ. ಬರೆದುಕೊಂಡು ಬಂದ ಎರಡು ಸಾಲನ್ನು ಮೊದಲು ಪಕ್ಕದವರಿಗೆ ಓದಿ ಹೇಳಲಿ, ಐದಾರು ನಿಮಿಷ. ಇಬ್ಬರೂ ಸೇರಿ ಅದರಲ್ಲಿ ಒಂದನ್ನು ಇಂಗ್ಲಿಷ್ ಮಾಡಲಿ. ಬೋರ್ಡಿನ ಮೇಲೆ ನೀವು ಮೂರು ನಾಲ್ಕು ಅರೆ ವಾಕ್ಯ ಬರೆದಿಟ್ಟಿರಬೇಕು: 'ಐ ಥಿಂಕ್ … ಬಿಕಾಸ್ …', 'ಐ ಡೋಂಟ್ ಅಗ್ರೀ ವಿತ್ … ಬಿಕಾಸ್ …', 'ದ ಸ್ಟೋರಿ ಸೇಸ್ …'. ಇದು ಕಾಪಿ ಹೊಡೆಸಿದ ಹಾಗಲ್ವಾ ಅಂತ ಒಬ್ಬ ಸಹೋದ್ಯೋಗಿ ಕೇಳಿದ್ದರು. ಈಜು ಕಲಿಸುವಾಗ ನಾವು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದೆವು, ಅದನ್ನು ಯಾರೂ ಕಾಪಿ ಅನ್ನಲಿಲ್ಲ. ಯೋಚಿಸಿ, ಜೋಡಿಯಲ್ಲಿ ಮಾತಾಡಿ, ಆಮೇಲೆ ಎಲ್ಲರಿಗೆ ಹೇಳುವ ಈ ಕ್ರಮಕ್ಕೆ 1981ರಲ್ಲೇ ಫ್ರ್ಯಾಂಕ್ ಲೈಮನ್ ಅನ್ನುವವರು ಥಿಂಕ್-ಪೇರ್-ಶೇರ್ ಅಂತ ಹೆಸರಿಟ್ಟಿದ್ದಾರೆ, ತರಬೇತಿಯಲ್ಲಿ ನೀವೂ ಕೇಳಿರುತ್ತೀರಿ.

ಆರು ಏಳು ಮಕ್ಕಳ ಗುಂಪು ಮಾತ್ರ ಬೇಡ. ಗುಂಪಿನಲ್ಲಿ ಒಬ್ಬ ಬರೆಯುತ್ತಾನೆ, ಒಬ್ಬಳು ಹೇಳುತ್ತಾಳೆ, ಉಳಿದವರು ಕಿಟಕಿ ನೋಡುತ್ತಾರೆ. 1979ರಿಂದ 1984ರ ತನಕ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲಿ ಇವತ್ತಿಗೂ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರುವಾಸಿ. ವ್ಯಾಕರಣ ಪಾಠ ಬಿಟ್ಟು, ರೈಲಿನ ಟೈಂಟೇಬಲ್, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸುವ ಹಾಗೆ ಬಿಡಿಸಲು ಹೇಳುತ್ತಿದ್ದರು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದು ಮಾಡಿ ತೋರಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಮಾಡುವುದು. ಪ್ರಭು ಅವರು ಗುಂಪು ಚಟುವಟಿಕೆಯನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. ನಮ್ಮ ತರಬೇತಿಗಳಲ್ಲಿ ಗುಂಪು ಮಾಡುವುದೇ ಮುಕ್ತಿ ಅನ್ನುವ ಹಾಗೆ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಆದರೆ ಪ್ರಭು ಅವರಷ್ಟು ದೂರವೂ ಹೋಗುವುದಿಲ್ಲ. ಜೋಡಿಯಲ್ಲಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ, ಅದಕ್ಕೇ ನನಗೆ ಜೋಡಿ ಇಷ್ಟ.

ಜೋಡಿ ಯಾರಿಗೆ ಯಾರು ಅನ್ನುವುದನ್ನು ಚೀಟಿ ಎತ್ತಿ ಮಾಡಿ, ತಿಂಗಳಿಗೊಮ್ಮೆ ಬದಲಿಸಿ. ಮಕ್ಕಳು ತಾವಾಗಿ ಕೂತರೆ ಒಂದೇ ಓಣಿಯವರು, ಒಂದೇ ಜಾತಿಯವರು, ಒಂದೇ ತಾಂಡಾದವರು ಒಟ್ಟಿಗೆ ಕೂರುತ್ತಾರೆ. ನಮಗೂ ಅದು ಕಣ್ಣಿಗೆ ರೂಢಿಯಾಗಿ ಕಾಣಿಸುವುದೇ ನಿಂತುಹೋಗಿರುತ್ತದೆ. ಚೀಟಿ ಎತ್ತಿದ ಮೊದಲ ವಾರ ಗೊಣಗುತ್ತಾರೆ. ಮೂರನೇ ವಾರಕ್ಕೆ ಮರೆಯುತ್ತಾರೆ. ಯಾವಾಗಲೂ ಜಾಣರ ಪಕ್ಕ ದಡ್ಡರು ಅಂತ ಕೂರಿಸಬೇಡಿ, ಮಕ್ಕಳಿಗೆ ಆ ಲೆಕ್ಕ ನಮಗಿಂತ ಬೇಗ ಗೊತ್ತಾಗುತ್ತದೆ.

ಆಮೇಲೆ ಎಲ್ಲರ ಚರ್ಚೆ. ಇಲ್ಲಿ ನನ್ನ ಹಳೆಯ ಉಪಾಯ ಹುಣಸೆ ಬೀಜ. ಪ್ರತಿ ಮಗುವಿಗೆ ಎರಡು ಬೀಜ. ಒಂದು ಸಲ ಮಾತಾಡಿದರೆ ಒಂದು ಬೀಜ ಡಬ್ಬಿಗೆ ಹಾಕಬೇಕು. ಬೀಜ ಖಾಲಿಯಾದವರು ಬಾಯಿ ಮುಚ್ಚಿ ಕೇಳಬೇಕು. ನಿಮ್ಮ ಆ ನಾಲ್ಕೈದು ಜನ ಹತ್ತು ನಿಮಿಷದಲ್ಲಿ ಬೀಜ ಕಳೆದುಕೊಂಡು ಚಡಪಡಿಸುತ್ತಾರೆ, ನೋಡಲು ಮಜಾ. ಆಗ ಒಂದು ದೊಡ್ಡ ಮೌನ ಬರುತ್ತದೆ. ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಡಬೇಡಿ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವವರು ವಿಜ್ಞಾನದ ತರಗತಿಗಳನ್ನು ಟೇಪ್ ಮಾಡಿ ಅಳೆದು ನೋಡಿದರು, 1974ರಲ್ಲಿ ಬರೆದದ್ದು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಸಾಕು, ಉತ್ತರ ಉದ್ದ ಆಗುತ್ತದೆ, ಯಾವತ್ತೂ ಮಾತಾಡದವರೂ ಮಾತಾಡುತ್ತಾರೆ. ಅದು ಅವರದೇ ಭಾಷೆಯ ಮಕ್ಕಳಿಗೆ. ನಮ್ಮ ಮಕ್ಕಳು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸಬೇಕು, ಮನಸ್ಸಿನಲ್ಲೇ ಹತ್ತು ಎಣಿಸಿ. ಮೊದಮೊದಲು ಆ ಹತ್ತು ಎಣಿಸುವುದು ನಮಗೇ ಹಿಂಸೆ.

ಯಾರು ಮೊದಲು ಕೈ ಎತ್ತುತ್ತಾರೋ ಅವರನ್ನೇ ಕೇಳುವ ಅಭ್ಯಾಸ ಬಿಡಿ. ಹುಡುಗರು ಥಟ್ಟನೆ ಕೈ ಎತ್ತುತ್ತಾರೆ. ಹುಡುಗಿಯರು ಉತ್ತರ ಗೊತ್ತಿದ್ದರೂ ಪಕ್ಕದವಳ ಮುಖ ನೋಡುತ್ತಾರೆ. ಜೋಡಿ ಮಾತಿನ ಹೊತ್ತಿನಲ್ಲಿ ನೀವು ಓಡಾಡುವಾಗ ಒಳ್ಳೆಯ ಸಾಲು ಕಿವಿಗೆ ಬಿದ್ದರೆ ಅಲ್ಲೇ ಬಗ್ಗಿ 'ಇದನ್ನ ನೀನು ಹೇಳ್ತೀಯಾ? ಎರಡನೆಯವಳು ನೀನು' ಅಂತ ಕೇಳಿಟ್ಟುಕೊಳ್ಳಿ. ಬೇಡ ಅಂದರೆ ಬಿಡಿ. ಬಹಳ ಸಲ ಬೇಡ ಅನ್ನುವುದಿಲ್ಲ. ತೊದಲುವ ಮಗುವಿದ್ದರೆ ಅದಕ್ಕಂತೂ ಯಾವತ್ತೂ ಮೊದಲೇ ಹೇಳಿರಬೇಕು, ಅದರ ವಾಕ್ಯ ನೀವು ಮುಗಿಸಿಕೊಡಬಾರದು. ದೃಷ್ಟಿ ಮಂದ ಇರುವವರಿಗೆ ದೊಡ್ಡ ಅಕ್ಷರದ ಹಾಳೆ, ಕಿವಿ ಮಂದ ಇರುವವರು ನಿಮ್ಮ ತುಟಿ ಕಾಣುವ ಜಾಗದಲ್ಲಿ. ಇದಕ್ಕೆಲ್ಲ ಖರ್ಚಿಲ್ಲ. 2016ರ ವಿಕಲಚೇತನರ ಹಕ್ಕು ಕಾಯ್ದೆ ಕಲಿಕೆಯ ತೊಂದರೆಯನ್ನೂ ಸೇರಿಸಿ 21 ಬಗೆ ಪಟ್ಟಿ ಮಾಡಿದೆ. ಓದುವಾಗ ಅಕ್ಷರ ಅದಲು ಬದಲು ಮಾಡುವ ಮಗುವನ್ನು ಸೋಮಾರಿ ಅನ್ನುವ ಮುಂಚೆ ಅದೊಮ್ಮೆ ನೆನಪಿರಲಿ.

ತಪ್ಪು ತಿದ್ದುವುದು ಯಾವಾಗ? ಮಾತಿನ ನಡುವೆ ಬೇಡವೇ ಬೇಡ. 'ಹೆನ್ ಈಟೆಡ್ ಗ್ರೌಂಡ್‌ನಟ್' ಅಂದರೆ ನೀವು 'ಓ, ದ ಹೆನ್ ಏಟ್ ದ ಗ್ರೌಂಡ್‌ನಟ್ಸ್! ಹೌ ಮೆನಿ?' ಅಂತ ಮಾತು ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ಮಾನ ಉಳಿಯಿತು. ಕೊನೆಯ ಐದು ನಿಮಿಷದಲ್ಲಿ ಹೆಸರು ಹೇಳದೆ ಮೂರು ತಪ್ಪು ಬೋರ್ಡಿನ ಮೇಲೆ ಬರೆದು ಎಲ್ಲರೂ ಸೇರಿ ಸರಿ ಮಾಡಲಿ. ಮೂರೇ.

ಕನ್ನಡದ ಪ್ರಶ್ನೆಗೆ ಬರೋಣ. ಬಿಡಬಹುದು, ಬಿಡಲೇಬೇಕು. ಆದರೆ ಎಲ್ಲಿ ಅನ್ನುವುದು ಮುಖ್ಯ. ನಮ್ಮಲ್ಲಿ ಇಂಗ್ಲಿಷ್ ಪಾಠ ಅಂದರೆ ಒಂದು ಸಾಲು ಇಂಗ್ಲಿಷ್ ಓದುವುದು, ಅದರ ಕನ್ನಡ ಹೇಳುವುದು, ಮತ್ತೊಂದು ಸಾಲು. ಇದರಲ್ಲಿ ಮಗು ಏನು ಮಾಡುತ್ತದೆ? ಇಂಗ್ಲಿಷ್ ಬರುವಾಗ ಸುಮ್ನೆ ಕೂತು ಕನ್ನಡಕ್ಕೆ ಕಾಯುತ್ತದೆ. ಪಾಠವೆಲ್ಲ ಕನ್ನಡದಲ್ಲೇ ಅರ್ಥವಾಗುತ್ತದೆ, ಇಂಗ್ಲಿಷ್ ಬರೀ ಸದ್ದು. ಆ ಕನ್ನಡ ಬೇಡ. ಯೋಚಿಸಲು, ಪಕ್ಕದವರ ಜೊತೆ ಜಗಳವಾಡಲು, ಮೊದಲ ಕರಡು ಬರೆಯಲು ಕನ್ನಡ ಬೇಕು. ತಲೆಯಲ್ಲಿ ವಿಚಾರ ಹುಟ್ಟಿದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಆಸೆ ಹುಟ್ಟುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು ಮಾತಾಡುವ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ, ಅವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ. ಇಬ್ಬರು ಉರ್ದು ಮಕ್ಕಳು ಜೋಡಿಯಾದರೆ ಉರ್ದುವಿನಲ್ಲೇ ಗುಸುಗುಸು ಮಾಡಿಕೊಳ್ಳಲಿ ಬಿಡಿ. ಎಲ್ಲರ ಚರ್ಚೆಯಲ್ಲಿ ಒಂದೇ ನಿಯಮ: ಕನ್ನಡದಲ್ಲಿ ಹೇಳಿದವರು ಅದರಲ್ಲಿ ಒಂದು ತುಂಡನ್ನಾದರೂ ಇಂಗ್ಲಿಷಿನಲ್ಲಿ ಮತ್ತೆ ಹೇಳಬೇಕು, ಕ್ಲಾಸು ಸಹಾಯ ಮಾಡಬೇಕು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಮಕ್ಕಳು ಇಂಗ್ಲಿಷ್ ಕಲಿಯುವುದಕ್ಕಿಂತ ಮೌನ ಕಲಿಯುವುದು ಜಾಸ್ತಿ.

ಇಂಗ್ಲಿಷ್ ಸಾಲಿನ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರಲ್ಲ, ನಿಮ್ಮ ಕ್ಲಾಸಿನಲ್ಲೂ ಇದ್ದೇ ಇರುತ್ತದೆ. ಬೈಯಬೇಡಿ, ಅದು ಮಗು ತಾನೇ ಕಂಡುಕೊಂಡ ದಾರಿ. ತೊಂದರೆ ಏನಂದರೆ ಕಣ್ಣು ಕನ್ನಡದ ಮೇಲೇ ಓಡುತ್ತದೆ, ಕೆಳಗಿನ ಇಂಗ್ಲಿಷ್ ಪದ ಕಾಣುವುದೇ ಇಲ್ಲ. ಪುಟಕ್ಕೆ ಐದು ಪದಕ್ಕೆ ಮಾತ್ರ ಅಂತ ಮಿತಿ ಹಾಕಿ, ಯಾವ ಐದು ಅಂತ ಅವರೇ ಆರಿಸಲಿ.

ಓದಲು ಬರದ ಆ ಹತ್ತು ಹನ್ನೆರಡು ಮಕ್ಕಳು. ಅವರನ್ನು ಬೇರೆ ಕೂರಿಸಿ ಎಬಿಸಿಡಿಯಿಂದ ಶುರು ಮಾಡಬೇಡಿ, ಹದಿನಾಲ್ಕು ವರ್ಷದವರಿಗೆ ಅದು ಅವಮಾನ. ಅವರಿಗೆ ಇಂಗ್ಲಿಷ್ ಪದ ಗೊತ್ತಿಲ್ಲ ಅನ್ನುವುದೂ ಸುಳ್ಳು. ಬಸ್ಸು, ಟಿಕೆಟ್ಟು, ಚಾರ್ಜರ್, ರೀಚಾರ್ಜ್, ಬ್ಯಾಟರಿ, ಟ್ರ್ಯಾಕ್ಟರ್, ಪಂಪ್‌ಸೆಟ್, ಸ್ಟಾರ್ಟರ್, ಫ್ಯೂಸು. ನಾನೊಮ್ಮೆ 'ನಿಮಗೆ ಗೊತ್ತಿರೋ ಇಂಗ್ಲಿಷ್ ಪದ ಹೇಳಿ' ಅಂದಾಗ ಅರ್ಧ ಪಿರಿಯಡ್‌ನಲ್ಲಿ ಬೋರ್ಡು ತುಂಬಿ ಗೋಡೆಗೆ ಚಾರ್ಟ್ ಅಂಟಿಸಬೇಕಾಯಿತು. ಬಾಯಲ್ಲಿ ಇರುವ ಪದದ ಸ್ಪೆಲ್ಲಿಂಗ್ ಕಣ್ಣಿಗೆ ತೋರಿಸಿ, ಅಲ್ಲಿಂದ ಓದು ಶುರು. ವಾರದ ಪುಟ ಬರೆಯುವಾಗ ಇಂಥ ಹತ್ತು ಪದ ಬೇಕಂತಲೇ ತುರುಕಿ. ಸೋಮವಾರ, ಬುಧವಾರ ಅವರು ಪುಟವನ್ನು ಕಿವಿಯಿಂದ ಕೇಳಿರುತ್ತಾರೆ, ಹಾಗಾಗಿ ಶನಿವಾರದ ಚರ್ಚೆಗೆ ಅವರು ಹೊರಗಿನವರಲ್ಲ. ಓದು ನಿಧಾನಕ್ಕೆ ಹಿಂದೆ ಬರುತ್ತದೆ.

ಹೆಡ್‌ಮಾಸ್ಟರ ವಿಷಯ. ಅವರ ಮೇಲೂ ರಿಸಲ್ಟಿನ ಒತ್ತಡ ಇದೆ, ಜಗಳ ಮಾಡಬೇಡಿ. ಎಸ್‌ಎಸ್‌ಎಲ್‌ಸಿ ಎರಡನೇ ಭಾಷೆಯಲ್ಲಿ 80 ಅಂಕ ಪರೀಕ್ಷೆಗೆ, 20 ಆಂತರಿಕ. ಪರೀಕ್ಷೆಯಲ್ಲಿ ಓದಿರದ ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಚಿತ್ರ ನೋಡಿ ಬರೆಯಲು ಹೇಳುತ್ತಾರೆ, ಪತ್ರ ಬರೆಸುತ್ತಾರೆ. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರ, ಬಾಯಿಪಾಠ ಮಾಡಿದವರು ಎಡವುವುದು ಅಲ್ಲೇ. ಮಕ್ಕಳ ಕೈಲಿ ವಾರಕ್ಕೆ ಮೂರು ಸಾಲು ಬರೆಯುವ ಒಂದು ಓದಿನ ನೋಟ್‌ಬುಕ್ ಇಡಿಸಿ, ಅದನ್ನೇ ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ದಾಖಲೆ ಮಾಡಿ. ವಾರಕ್ಕೆ 13 ನೋಟ್‌ಬುಕ್ ನೋಡಿದರೆ ತಿಂಗಳಿಗೆ ಎಲ್ಲರದ್ದೂ ಒಂದು ಸುತ್ತು ಆಗುತ್ತದೆ. ಕೈ ಎತ್ತಿದ್ದಕ್ಕೆ ಅಂಕ ಕೊಡಬೇಡಿ, ಬರೆದದ್ದಕ್ಕೆ ಕೊಡಿ, ಮಾತಾಡದವರಿಗೂ ದಾರಿ ಇರಲಿ.

ಅವರಿಗೆ ಇನ್ನೂ ನಂಬಿಕೆ ಬರದಿದ್ದರೆ ಫಿಜಿ ದ್ವೀಪದ ಕಥೆ ಹೇಳಿ. 1980ರ ದಶಕದ ಶುರುವಿನಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ ಅನ್ನುವ ಇಬ್ಬರು ಸಂಶೋಧಕರು ಅಲ್ಲಿನ ಹಳ್ಳಿ ಶಾಲೆಗಳ ತರಗತಿಗಳಿಗೆ 250 ಇಂಗ್ಲಿಷ್ ಕಥೆ ಪುಸ್ತಕ ಸುರಿದರು. ಮನೆಯಲ್ಲಿ ಫಿಜಿಯನ್ನೋ ಹಿಂದಿಯೋ ಮಾತಾಡುವ ಮಕ್ಕಳು. ಎಂಟು ತಿಂಗಳಲ್ಲಿ ಆ ಮಕ್ಕಳ ಓದು, ಆಲಿಸಿ ಅರ್ಥ ಮಾಡಿಕೊಳ್ಳುವ ಶಕ್ತಿ ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಅವು ನಾಲ್ಕು ಐದನೇ ತರಗತಿ, ನಿಮ್ಮದು ಒಂಬತ್ತು, ಅಷ್ಟೇ ಫಲ ಸಿಗುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಸಿಲಬಸ್ಸಿಗೆ ಹೋಗುವ ಹೊತ್ತು ಹಾಳಾಗುತ್ತದೆ ಅನ್ನುವ ಭಯಕ್ಕೆ ಮಾತ್ರ ಅದು ಒಳ್ಳೆಯ ಉತ್ತರ.

ಮೊದಲ ಮೂರು ಶನಿವಾರ ಕೆಟ್ಟದಾಗಿಯೇ ಇರುತ್ತವೆ. ಬೀಜ ಎಸೆದಾಡುತ್ತಾರೆ, ಜೋಡಿ ಸರಿ ಇಲ್ಲ ಅಂತ ದೂರು ಬರುತ್ತದೆ. ಇಡೀ ವರ್ಷ ಎರಡು ಬೀಜವನ್ನೂ ಹಾಗೇ ವಾಪಸ್ ಕೊಟ್ಟು ಹೋಗುವ ಮಗುವೂ ಒಂದಿಬ್ಬರು ಇರುತ್ತಾರೆ. ಅವರ ನೋಟ್‌ಬುಕ್ ಮೊದಲು ಓದಿ.

ಮೆಣಸಿನಕಾಯಿ ಪುಟ ಮಾಡಿದರೆ, ಡಬ್ಬಿಗೂ ಕಡ್ಡಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಹೇಗೆ ಹೇಳಿದರು ಅಂತ ನನಗೊಂದು ಸಾಲು ಬರೆದು ಕಳಿಸಿ. ಕಡ್ಡಿಗೆ ಒಪ್ಪುವ ಇಂಗ್ಲಿಷ್ ಪದ ನನಗಂತೂ ಇನ್ನೂ ಸಿಕ್ಕಿಲ್ಲ.